ಕಾಗೆಗಿಟ್ಟ ತುತ್ತು



ನಮ್ಮ ಮನೆಯಲ್ಲಿ ಅಡುಗೆಯಾದ ಮೇಲೆ ಮೊದಲ ತುತ್ತು ಕಾಗೆಗೆ. ನಮ್ಮತ್ತೆಯವರ ಕಾಲದಿಂದಲೂ ಹೀಗೇ. ಕಾಂಪೌಂಡ್ ಗೋಡೆಯ ಮೇಲೆ ಒಂದು ಹಿಡಿ ಅನ್ನ ಇಟ್ಟ ಮೇಲೆಯೇ ಮನೆಯವರಿಗೆ ತಟ್ಟೆ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಈಗ ಕೈ ತಾನಾಗಿಯೇ ಇಟ್ಟುಬಿಡುತ್ತದೆ, ಮನಸ್ಸನ್ನು ಕೇಳುವುದೇ ಇಲ್ಲ. ಇದೇ ಕೈ ಒಮ್ಮೆ ಕಡಲಾಚೆಯ ಮರಳು ದ್ವೀಪವೊಂದರಲ್ಲಿ ನಾನು ತಲೆ ತಗ್ಗಿಸುವ ಹಾಗೆ ಮಾಡಿತು. ಹೇಳಿಕೊಳ್ಳಲು ನಾಚಿಕೆಯೇ. ಆದರೂ ನಿಮ್ಮ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳಲಿ?

ನನ್ನ ತಂಗಿ ಇರುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ. 2024ರ ಆಗಸ್ಟಿನಲ್ಲಿ ಅವಳ ಮನೆಗೆ ಹೋಗಿದ್ದೆ. ನಮ್ಮ ತಿಪಟೂರಿನಲ್ಲಿ ಶ್ರಾವಣದ ಹಬ್ಬಗಳ ಗಡಿಬಿಡಿ, ಅಲ್ಲಿ ಚಳಿಗಾಲದ ಕೊನೆ. ಹೋಗಿ ವಾರವಾಗಿರಲಿಲ್ಲ, ತಂಗಿ ಹೇಳಿದಳು: "ಅಕ್ಕಾ, ನಾವು ಏಳು ಜನ ಮೂರು ರಾತ್ರಿಗೆ ಡೇರೆ ಹೊತ್ತುಕೊಂಡು ದ್ವೀಪಕ್ಕೆ ಹೋಗ್ತಿದ್ದೀವಿ. ನೀನೂ ಬಂದರೆ ಎಂಟು." ನಾನು ನಕ್ಕುಬಿಟ್ಟೆ. ಮಾರ್ಕೆಟ್ಟಿನಿಂದ ತರಕಾರಿ ಚೀಲ ತರುವಾಗಲೇ ಎರಡು ಕಡೆ ನಿಂತು ಸುಧಾರಿಸಿಕೊಳ್ಳುವವಳು ನಾನು! ಆದರೆ ತಂಗಿಯ ಮಗಳು, ಹದಿನೈದರ ಹುಡುಗಿ, "ದೊಡ್ಡಮ್ಮ ಬರದಿದ್ದರೆ ನಾನೂ ಹೋಗಲ್ಲ" ಅಂತ ಹಟ ಹಿಡಿದಳು. ಒಪ್ಪಿಕೊಂಡೆ.

ಆ ದ್ವೀಪದ ಹೆಸರು ಕೇಳಿದರೆ ನಿಮಗೆ ಸಂತೋಷವಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೊಂದು 'ಕೆ' ಅಕ್ಷರ ಇದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಬಾಯಲ್ಲಿ ಹೇಳುವುದು 'ಗರಿ' ಎಂದು, ಥೇಟ್ ನಮ್ಮ ತೆಂಗಿನ ಗರಿಯ ಹಾಗೆ. ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನರ ಭಾಷೆಯಲ್ಲಿ ಅದಕ್ಕೆ ಸ್ವರ್ಗ ಎಂದು ಅರ್ಥ. ಬಿಳಿಯರು ಫ್ರೇಸರ್ ದ್ವೀಪ ಎಂದು ಕರೆದಿದ್ದರು. 2023ರಲ್ಲಿ ಸರ್ಕಾರವೇ ಹಳೆಯ ಹೆಸರನ್ನು ಹಿಂದಕ್ಕೆ ಕೊಟ್ಟಿತು. ಪ್ರಪಂಚದ ಅತಿ ದೊಡ್ಡ ಮರಳು ದ್ವೀಪ ಇದು. ಉದ್ದವೇ ಸುಮಾರು 120 ಕಿಲೋಮೀಟರ್. ದಕ್ಷಿಣದ ನದಿಗಳು ಕಡಲಿಗೆ ತಂದು ಹಾಕಿದ ಮರಳನ್ನು ಅಲೆಗಳು ಲಕ್ಷಾಂತರ ವರ್ಷ ಉತ್ತರಕ್ಕೆ ತಳ್ಳಿ ತಳ್ಳಿ ಕೂಡಿಹಾಕಿದ್ದು. 1992ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದರು.

ಹೊರಡುವ ಹಿಂದಿನ ರಾತ್ರಿ ತಂಗಿ ನನ್ನ ಚೀಲವನ್ನು ತೂಕಕ್ಕೆ ಇಟ್ಟಳು. ಹದಿನೇಳು ಕಿಲೋ! "ನಿನ್ನ ತೂಕದ ಐದನೇ ಒಂದು ಭಾಗ ಮೀರಬಾರದು ಅಕ್ಕಾ" ಅಂತ ಒಂದೊಂದೇ ತೆಗೆದಿಟ್ಟಳು. ಸ್ಟೀಲ್ ಡಬ್ಬಿಗಳು, ಉಪ್ಪಿನಕಾಯಿಯ ಗಾಜಿನ ಭರಣಿ, ದಿಂಬು, ಒಗ್ಗರಣೆ ಸೌಟು, ಎರಡು ಸೀರೆ. ಕೊನೆಗೆ ಹನ್ನೊಂದೂವರೆ ಕಿಲೋಗೆ ಇಳಿಯಿತು. ಸೀರೆಯ ಬದಲು ಸಲ್ವಾರ್ ಕಮೀಜು, ಕಾಲಿಗೆ ಅವಳ ಹಳೆಯ ಬೂಟು. ಎಲ್ಲರಿಗೂ ಒಂದು ಕಟ್ಟುನಿಟ್ಟಿನ ಮಾತೂ ಹೇಳಿದ್ದಳು: "ಅಲ್ಲಿ ಡಿಂಗೊ ಅನ್ನೋ ಕಾಡುನಾಯಿಗಳಿವೆ. ಒಂದು ಅಗುಳೂ ಕೆಳಗೆ ಬೀಳಬಾರದು." ನಾನೂ ತಲೆಯಾಡಿಸಿದ್ದೆ.

ಬ್ರಿಸ್ಬೇನಿನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ಉತ್ತರಕ್ಕೆ ಹೋದೆವು. ಅಲ್ಲಿಂದ ಫೆರ್ರಿ. ದ್ವೀಪದಲ್ಲಿ ಟಾರು ರಸ್ತೆಯಿಲ್ಲದ ಮರಳ ದಾರಿ, ಅದರಲ್ಲಿ ಓಡುವ ಬಾಡಿಗೆ ಜೀಪು ನಮ್ಮನ್ನು ಡಿಲ್ಲಿ ವಿಲೇಜ್ ಎಂಬಲ್ಲಿ ಇಳಿಸಿತು. ದಿಲ್ಲಿಯಲ್ಲ, ಡಿಲ್ಲಿ! 90 ಕಿಲೋಮೀಟರಿನ ಕಾಲುದಾರಿ ಶುರುವಾಗುವುದು ಅಲ್ಲಿಂದ. ನಾವು ನಡೆದದ್ದು ಅದರ ಒಂದು ತುಂಡು ಮಾತ್ರ.

ಮೊದಲ ದಿನ ಆರು ಕಿಲೋಮೀಟರ್ ಚಿಲ್ಲರೆ. ಮರಳಿನ ಏರು, ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ. ಸಂಜೆಗೆ ಬೂಮಂಜಿನ್ ಕೆರೆ ಮುಟ್ಟಿದೆವು. ಮರಳಿನಲ್ಲಿ ಕೆರೆ ಹೇಗೆ ನಿಲ್ಲುತ್ತದೆ ಅಂತ ನೀವೂ ಕೇಳುತ್ತೀರಿ, ನಾನೂ ಕೇಳಿದೆ. ಸೊಪ್ಪು ಸದೆ ಕೊಳೆತು ಮರಳಿನ ಜೊತೆ ಸೇರಿ, ಹಳೆಯ ಬಾಣಲೆಯ ತಳದಲ್ಲಿ ಜಿಡ್ಡು ಕಟ್ಟುವ ಹಾಗೆ, ಗಟ್ಟಿ ಪದರವಾಗುತ್ತದೆ. ಅದರ ಮೇಲೆ ಮಳೆನೀರು ನಿಲ್ಲುತ್ತದೆ. ಇಂಥ ಕೆರೆಗಳಲ್ಲಿ ಬೂಮಂಜಿನ್ ಪ್ರಪಂಚಕ್ಕೇ ದೊಡ್ಡದಂತೆ. ಟೀ ಟ್ರೀ ಎಂಬ ಗಿಡಗಳ ಎಲೆಯಿಂದ ನೀರಿಗೆ ಕಷಾಯದ ಬಣ್ಣ. ಅಲ್ಲಿನ ಬಿಡಾರಕ್ಕೆ ಸುತ್ತ ಎತ್ತರದ ಬೇಲಿ, ಗೇಟು. ಸೌದೆ ಒಲೆ ಹಚ್ಚುವಂತಿಲ್ಲ, ಪುಟ್ಟ ಗ್ಯಾಸ್ ಒಲೆಯಲ್ಲೇ ಅಡುಗೆ. ಗಂಡಸರು ಪಾತ್ರೆ ಒರೆಸಿದರು! ಡೇರೆಯೊಳಗೆ ಮಲಗಿದರೆ ದೂರದಿಂದ ಊಳಿಡುವ ಸದ್ದು. ಪುಟ್ಟಿ ನನ್ನ ಪಕ್ಕಕ್ಕೆ ಒತ್ತಿಕೊಂಡು ಮಲಗಿದಳು.

ಎರಡನೆಯ ದಿನ ಹದಿನಾಲ್ಕು ಕಿಲೋಮೀಟರ್. ಮಧ್ಯಾಹ್ನ ಬೆನರೂನ್ ಎಂಬ ಕೆರೆಯ ಹತ್ತಿರ ಊಟಕ್ಕೆ ಕೂತೆವು. ಪುಳಿಯೋಗರೆ ಗೊಜ್ಜಿನಲ್ಲಿ ಕಲಸಿದ ಅವಲಕ್ಕಿ. ಕೊಂಬೆಯ ಮೇಲೆ ಕಾಗೆಯೊಂದು ಕೂಗಿತು. ನಮ್ಮೂರಿನದೇ ಕಾಗೆಯೇನೋ ಅನ್ನಿಸಿತು. ಎರಡು ದಿನದಿಂದ ಕಾಗೆಗೆ ತುತ್ತಿಟ್ಟಿರಲಿಲ್ಲ ನೋಡಿ. ಒಂದು ಒಣ ಎಲೆಯ ಮೇಲೆ ಹಿಡಿ ಅವಲಕ್ಕಿ ಇಟ್ಟು, ನಾಲ್ಕು ಮಾರು ದೂರದ ಮರದ ಬುಡದಲ್ಲಿ ಬಿಟ್ಟು ಬಂದೆ. ಯಾರೂ ನೋಡಲಿಲ್ಲ. ಡಿಂಗೊ ಮಾತು ನನ್ನ ತಲೆಗೂ ಬರಲಿಲ್ಲ.

ಚೀಲ ಏರಿಸಿ ಹೊರಟೆವು. ನಾನೂ ಪುಟ್ಟಿಯೂ ಎಲ್ಲರಿಗಿಂತ ಹಿಂದೆ. ಹತ್ತು ನಿಮಿಷ ನಡೆದಿರಬೇಕು, ಅವಳು ನನ್ನ ತೋಳು ಹಿಡಿದಳು. "ದೊಡ್ಡಮ್ಮಾ, ಹಿಂದೆ."

ತಿರುಗಿದರೆ ಹೊಂಬಣ್ಣದ ನಾಯಿ. ಬಡಕಲು ಮೈ, ನಿಮಿರಿದ ಕಿವಿ, ಒಂದು ಕಿವಿಯಲ್ಲಿ ಬಣ್ಣದ ಬಿಲ್ಲೆ. ಬೊಗಳಲಿಲ್ಲ, ಬಾಲ ಅಲ್ಲಾಡಿಸಲೂ ಇಲ್ಲ. ಹತ್ತು ಹನ್ನೆರಡು ಅಡಿ ದೂರದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿತ್ತು. ನಾನು ಓಡಲು ಕಾಲೆತ್ತಿದೆ. ಪುಟ್ಟಿ ಬಿಡಲಿಲ್ಲ. "ಓಡಬಾರದು. ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲು, ಕೈ ಎದೆ ಮೇಲೆ ಕಟ್ಟಿಕೋ" ಅಂದಳು. ಮಗುವಿನ ದನಿ ನಡುಗುತ್ತಿತ್ತು, ಆದರೂ ನಿಂತಳು. "ಅಮ್ಮಾ!" ಎಂದು ಗಟ್ಟಿಯಾಗಿ ಕೂಗಿದಳು. ನಾಯಿ ಎರಡು ಹೆಜ್ಜೆ ಹತ್ತಿರ ಬಂತು. ಅದನ್ನೇ ನೋಡುತ್ತಾ ನಾವು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟೆವು. ನನ್ನ ಬಾಯಲ್ಲಿ ರಾಮನಾಮ ಬಿಟ್ಟು ಬೇರೆ ಇಲ್ಲ. ಭಾವ, ತಂಗಿ, ಉಳಿದವರೆಲ್ಲ ಕೋಲು ಹಿಡಿದು ಬಂದು ನಮ್ಮನ್ನು ನಡುವೆ ಸೇರಿಸಿಕೊಂಡರು. ಅದು ಸ್ವಲ್ಪ ಹೊತ್ತು ನೋಡಿ ಪೊದೆಯೊಳಗೆ ಸರಿದುಹೋಯಿತು.

"ಇದು ಹಿಂದೆ ಬೀಳಬೇಕಾದರೆ ಯಾರೋ ತಿನ್ನಲಿಕ್ಕೆ ಹಾಕಿದ್ದಾರೆ" ಅಂದರು ಭಾವ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಪುಟ್ಟಿಯ ಕೈ ಇನ್ನೂ ನನ್ನ ಕೈಯಲ್ಲಿ ನಡುಗುತ್ತಿತ್ತು. "ನಾನೇ, ಕಾಗೆಗೆ ಅಂತ ಇಟ್ಟೆ" ಅಂದೆ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಯಾವತ್ತೂ ನನಗೆ ಎದುರಾಡಿದವಳಲ್ಲ. ಅವತ್ತು ಮಾತ್ರ ಆಡಿಬಿಟ್ಟಳು. "ಅಕ್ಕಾ, ನೀನು ಅದಕ್ಕೆ ಅನ್ನ ಹಾಕಲಿಲ್ಲ, ವಿಷ ಹಾಕಿದೆ. ಮನುಷ್ಯರ ಕೈಯಲ್ಲಿ ತಿಂಡಿ ಸಿಗುತ್ತೆ ಅಂತ ಕಲಿತ ನಾಯಿ ನಾಳೆ ಯಾವುದೋ ಮಗುವಿನ ಕೈಗೆ ಬಾಯಿ ಹಾಕುತ್ತೆ. ಆಮೇಲೆ ಅದನ್ನು ಕೊಲ್ಲುತ್ತಾರೆ."

ಅದು ಬರೀ ಬೆದರಿಕೆಯ ಮಾತಲ್ಲ. 2001ರಲ್ಲಿ ಇದೇ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಡಿಂಗೊಗಳ ಬಾಯಿಗೆ ಸಿಕ್ಕಿ ಸತ್ತ. ಅದರ ಹಿಂದೆಯೇ ಹಲವಾರು ನಾಯಿಗಳನ್ನು ಕೊಂದರು. ಅಲ್ಲಿಂದೀಚೆಗೆ ನಿಯಮ ಬಿಗಿಯಾಗಿದೆ. ಡಿಂಗೊಗೆ ತಿನ್ನಲು ಹಾಕಿದವರಿಗೆ ಸ್ಥಳದಲ್ಲೇ ಎರಡು ಸಾವಿರ ಡಾಲರಿಗೂ ಮೇಲೆ ದಂಡ. ಮಕ್ಕಳಿದ್ದರೆ ಬೇಲಿ ಇರುವ ಬಿಡಾರದಲ್ಲೇ ಉಳಿಯಿರಿ ಎನ್ನುತ್ತಾರೆ. ಬುಚುಲ್ಲಾ ಜನ ಆ ನಾಯಿಯನ್ನು 'ವೊಂಗಾರಿ' ಎಂದು ಕರೆದು ತಮ್ಮದೇ ಎಂದು ಕಾಪಾಡುತ್ತಾರೆ. ನನ್ನ ಕಣ್ಣಿಗೆ ಬಡಕಲಾಗಿ ಕಂಡ ಮೈ ಅದರ ಸಹಜವಾದ ಮೈಕಟ್ಟು. ಮೀನು, ಹಲ್ಲಿ, ಸಣ್ಣಪುಟ್ಟ ಪ್ರಾಣಿಗಳನ್ನು ಹಿಡಿದು ತಿಂದು ಬದುಕುವುದು ಅದಕ್ಕೆ ಚೆನ್ನಾಗಿಯೇ ಗೊತ್ತಿದೆ. ನನ್ನ ಅವಲಕ್ಕಿ ಅದಕ್ಕೆ ಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ದಾರಿಯಲ್ಲಿ ಅರಣ್ಯದ ರೇಂಜರ್ ಒಬ್ಬರು ಸಿಕ್ಕರು. ತಂಗಿ ನನ್ನ ಮುಖ ನೋಡಿದಳು. ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯದು. ಆದರೂ ನಾನೇ ಹೋಗಿ, ಬಂದಷ್ಟು ಮಾತಿನಲ್ಲಿ ಎಲ್ಲ ಹೇಳಿದೆ. ದಂಡ ಹಾಕಿದರೆ ಬಳೆ ಮಾರಿಯಾದರೂ ಕಟ್ಟುವುದು ಅಂತ ನಿರ್ಧಾರ ಮಾಡಿದ್ದೆ. ಅವರು ನಾಯಿ ಕಂಡ ಜಾಗ, ಹೊತ್ತು, ಕಿವಿಯ ಬಿಲ್ಲೆಯ ಬಣ್ಣ ಕೇಳಿ ಬರೆದುಕೊಂಡರು. ಎಚ್ಚರಿಕೆ ಕೊಟ್ಟರು. "ನೀವು ಹೇಳಿದ್ದು ಒಳ್ಳೆಯದಾಯಿತು, ಇನ್ನು ಅದರ ಮೇಲೆ ಕಣ್ಣಿಡುತ್ತೇವೆ" ಅಂದರು. ನನಗೆ ಕೇಳಬೇಕಿದ್ದದ್ದು ಒಂದೇ: "ಅದನ್ನು ಕೊಲ್ಲುವುದಿಲ್ಲ ತಾನೇ?" ಅವರು, "ಇನ್ನು ಯಾರೂ ತಿನ್ನಿಸದಿದ್ದರೆ ಇಲ್ಲ" ಅಂದರು.

ಆ ದಿನ ಬೂರಂಗೂರಾ ಕೆರೆ ನೋಡಿದೆವು, ಹಾಲಿನಂಥ ಬಿಳಿ ಮರಳು, ನೀಲಿ ನೀರು. ಗರಿ ಎಂಬ ದೇವತೆ ಭೂಮಿಯನ್ನು ಬಿಟ್ಟು ಹೋಗಲಾರದೆ ದ್ವೀಪವಾದಳು, ಈ ಕೆರೆಗಳು ಅವಳ ಕಣ್ಣುಗಳು ಎಂದು ಬುಚುಲ್ಲಾ ಕಥೆ. ಮಳೆನೀರು ಬಿಟ್ಟು ಬೇರೆ ಮೂಲವಿಲ್ಲದ ಕೆರೆಗಳಿವು. ಸೋಪು, ಎಣ್ಣೆ, ಕ್ರೀಮು ನೀರಿಗೆ ತಾಗಿಸಬಾರದು. ದಡದಲ್ಲಿ ತಿಂಡಿಯೂ ಕೂಡದು, ತಿನ್ನಲು ಬೇಲಿ ಹಾಕಿದ ಜಾಗ ಬೇರೆ ಇದೆ. ನನ್ನ ಚೀಲದ ಜಿಪ್ಪನ್ನು ಅವತ್ತು ನಾನು ಮೂರು ಸಲ ನೋಡಿಕೊಂಡೆ.

ಸೋದರಿಯರೇ, ಉಣ್ಣಿಸುವುದೇ ನಮ್ಮ ಕೈಗೆ ಗೊತ್ತಿರುವ ಪ್ರೀತಿ. ಯಾರಿಗೆ, ಎಲ್ಲಿ, ಅದರಿಂದ ಏನಾಗುತ್ತದೆ ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ನನಗಿರಲಿಲ್ಲ. ಊರಿಗೆ ಬಂದ ಮೇಲೂ ಗೋಡೆಯ ಮೇಲೆ ಕಾಗೆಯ ತುತ್ತು ಇಡುತ್ತೇನೆ, ಊರ ಕಾಗೆ ನಮ್ಮ ಜೊತೆಯೇ ಬದುಕುವ ಹಕ್ಕಿ. ಆದರೆ ಬೆಟ್ಟದ ದೇವಸ್ಥಾನಕ್ಕೆ ಹೋದಾಗ ಕೋತಿಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವುದನ್ನು ಬಿಟ್ಟಿದ್ದೇನೆ. ಮಕ್ಕಳ ಕೈಯ ಚೀಲ ಕಿತ್ತುಕೊಳ್ಳುವುದನ್ನು ಅವಕ್ಕೆ ಕಲಿಸಿದವರು ನಾವೇ ಅಲ್ಲವೇ?

ನೀವೂ ಗುಂಪಿನಲ್ಲಿ ಇಂಥ ನಡಿಗೆಗೆ ಹೊರಟರೆ ಇಷ್ಟು ನೆನಪಿಡಿ. ಚೀಲವನ್ನು ಹಿಂದಿನ ದಿನವೇ ತೂಗಿ, ಹೊತ್ತು ಒಂದು ಸುತ್ತು ನಡೆದು ನೋಡಿ. ಹೊಸ ಬೂಟು ಬೇಡ, ಪಳಗಿದ್ದೇ ಇರಲಿ. ಕೆರೆಯ ನೀರನ್ನು ಕುದಿಸಿಯೇ ಕುಡಿಯಿರಿ. ದಾರಿಯಲ್ಲಿ ಶೌಚಾಲಯವಿಲ್ಲದಿದ್ದರೆ ನೀರಿನಿಂದ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಲು ಕೈತೋಟದ ಸಣ್ಣ ಸಲಿಕೆ ಇರಲಿ. ಮುಟ್ಟಿನ ಬಟ್ಟೆ, ಪ್ಯಾಡು ಏನಿದ್ದರೂ ಗಟ್ಟಿ ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಡೇರೆಯೊಳಗೆ ತಿಂಡಿ ಇಡಬೇಡಿ. ಡಿಂಗೊಗಳಿರುವ ಜಾಗದಲ್ಲಿ ಒಬ್ಬರೇ ಹಿಂದೆ ಉಳಿಯಬೇಡಿ.

ದಾರಿಗೆ ಅವಲಕ್ಕಿ (ನಾಲ್ವರಿಗೆ ಒಂದು ಹೊತ್ತು)

ಗಟ್ಟಿ ಅವಲಕ್ಕಿ 4 ಲೋಟ, ದೊಡ್ಡ ನಿಂಬೆ ಗಾತ್ರದ ಹುಣಿಸೆಹಣ್ಣು, ಬೆಲ್ಲದ ಪುಡಿ 2 ಚಮಚ, ಸಾರಿನ ಪುಡಿ 3 ಚಮಚ, ಎಳ್ಳಿನ ಪುಡಿ 1 ಚಮಚ, ಕೊಬ್ಬರಿ ತುರಿ ಅರ್ಧ ಲೋಟ, ಕಡಲೆಕಾಯಿ ಬೀಜ ಒಂದು ಹಿಡಿ, ಎಣ್ಣೆ 5 ಚಮಚ, ಸಾಸಿವೆ, ಇಂಗು, ಅರಿಶಿನ, ಕರಿಬೇವು, ಉಪ್ಪು.

ಮನೆಯಲ್ಲೇ ಅವಲಕ್ಕಿಯನ್ನು ಒಣದಾಗಿ ತರಿಯಾಗಿ ಪುಡಿ ಮಾಡಿಟ್ಟುಕೊಳ್ಳಿ. ಎಣ್ಣೆ ಕಾಯಿಸಿ ಕಡಲೆಕಾಯಿ ಬೀಜ ಹುರಿದು ತೆಗೆಯಿರಿ. ಅದೇ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು, ಅರಿಶಿನ ಹಾಕಿ, ಗಟ್ಟಿ ಹುಣಿಸೆ ರಸ, ಬೆಲ್ಲ, ಉಪ್ಪು ಸೇರಿಸಿ ಎಣ್ಣೆ ಬಿಡುವ ತನಕ ಕುದಿಸಿ. ಸಾರಿನ ಪುಡಿ, ಎಳ್ಳಿನ ಪುಡಿ ಹಾಕಿ ಮಗುಚಿ ಇಳಿಸಿ. ತಣ್ಣಗಾದ ಮೇಲೆ ಬಿಗಿಮುಚ್ಚಳದ ಹಗುರ ಡಬ್ಬಿಗೆ ತುಂಬಿ. ಕೊಬ್ಬರಿ, ಬೀಜ ಬೇರೆ ಇರಲಿ. ಬಿಡಾರದಲ್ಲಿ ಅವಲಕ್ಕಿ ನೆನೆಯುವಷ್ಟೇ ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟು, ಗೊಜ್ಜು, ಕೊಬ್ಬರಿ, ಬೀಜ ಕಲಸಿ. ಒಂದು ಅಗುಳೂ ಉಳಿಸದೆ ತಿನ್ನಿ!