ಹಕ್ಕಿ ಊರಿಗೆಲ್ಲ, ನಷ್ಟ ಮರದವನಿಗೆ

ಫೆಬ್ರವರಿಯ ಒಂದು ಭಾನುವಾರ ಬೋಗಾದಿಯಿಂದ ನಾವು ನಾಲ್ಕು ಜನ ಗೆಳೆಯರು ಎರಡು ಬೈಕಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಿಬಂದ್ವಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್ ವೇಗೆ ಬೈಕ್ ಬಿಡಲ್ಲವಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಿ, ಮದ್ದೂರಲ್ಲಿ ವಡೆ ತಿಂದು, ರುದ್ರಾಕ್ಷಿಪುರದಲ್ಲಿ ಬಲಕ್ಕೆ ತಿರುಗಿದ್ವಿ. ಅಲ್ಲಿಂದ ಸುಮಾರು 12 ಕಿ.ಮೀ. ಮಿಕ್ಕ ಮೂವರು ಬಂದಿದ್ದು ರೀಲ್ಸ್ ಮಾಡೋಕೆ. ನನ್ನ ತಲೇಲಿ ಬೇರೆ ಇತ್ತು. ಗದ್ದಿಗೆ ರಸ್ತೆ ಕಡೆ ಇರೋ ನಮ್ಮ ಜಮೀನಿನ ಬದುವಿನ ಹುಣಸೆ ಮರಕ್ಕೆ ಹಿಂದಿನ ವಾರವಷ್ಟೇ ಮರದ ವ್ಯಾಪಾರಿ ಬೆಲೆ ಕಟ್ಟಿ ಹೋಗಿದ್ದ. ನೆರಳಿಗೆ ರಾಗಿ ಬರಲ್ಲ, ಕೊಟ್ಟುಬಿಡೋಣ ಅಂತ ಅಪ್ಪ.

ಬೆಳ್ಳೂರಲ್ಲಿ ಹಕ್ಕಿ ನೋಡೋಕೆ ಕಾಡಿಗೆ ಹೋಗಬೇಕಿಲ್ಲ. ಮನೆ ಹಿತ್ತಲ ಹುಣಸೆ, ಬೀದಿಯ ಅರಳಿ, ಎಲ್ಲದರ ಮೇಲೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಶಿಂಷಾ ನದಿ, ಸುತ್ತಲಿನ ಕೆರೆಗಳಿಂದ ಮೀನು ತಂದು ಮರಿಗಳಿಗೆ ಉಣಿಸ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಈ ಊರನ್ನು ಹೊರಗಿನವರಿಗೆ ತೋರಿಸಿಕೊಟ್ಟರು, 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಊರಿನವರು ಮಾತ್ರ ಅದಕ್ಕೂ ಎಷ್ಟೋ ಮೊದಲಿಂದ ಇವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ನೋಡಿಕೊಂಡಿದ್ದಾರೆ.

ಈ ಮಾತನ್ನ ಎಲ್ಲ ವಿಡಿಯೋದಲ್ಲೂ ಹೇಳ್ತಾರೆ. ಬಾಣಂತನದ ಖರ್ಚು ಯಾರದು ಅಂತ ಯಾರೂ ಕೇಳಲ್ಲ. ಒಂದು ಜಗಲಿ ಮೇಲೆ ಕೂತಿದ್ದ ಅಜ್ಜನ್ನ ನಾನು ಕೇಳಿದೆ.

"ಗೂಡು ಕಟ್ಟಿದ ಮರ ಹತ್ತಿ ಹುಣಸೆಕಾಯಿ ಬಡಿಯೋಕಾಗ್ತದಾ ಮಗ? ಪರಿಹಾರ ಅಂತ ಕೊಡ್ತಾರೆ ಕಣಪ್ಪ. ಹುಣಸೆಹಣ್ಣಿನ ರೇಟೆಲ್ಲಿ, ಅದೆಲ್ಲಿ!"

ನಂಗನಿಸೋದು ಇಷ್ಟೇ. ಹಕ್ಕಿಯ ಹೆಸರು ಇಡೀ ರಾಜ್ಯಕ್ಕೆ, ನಷ್ಟ ಮಾತ್ರ ಮರ ಇರೋ ಒಬ್ಬ ರೈತನಿಗೆ ಅಂದ್ರೆ ನ್ಯಾಯವಲ್ಲ. ಪರಿಹಾರವನ್ನ ಆ ವರ್ಷದ ಹುಣಸೆ ಬೆಲೆಗೆ ಹೊಂದಿಸಿ ಕೊಡಲಿ. ನಮ್ಮಂಥ ನೋಡೋಕೆ ಹೋಗೋರೂ ಬರೀ ಫೋಟೋ ತೆಗೆದು ಬರೋದು ಬೇಡ. ನಾವು ಐದು ಕೆ.ಜಿ. ಹುಣಸೆ ತಗೊಂಡ್ವಿ, ಒಂದು ಮನೆಯಲ್ಲಿ ದುಡ್ಡು ಕೊಟ್ಟು ಮುದ್ದೆ ಊಟ ಮಾಡಿದ್ವಿ. ಸೊಪ್ಪಿನ ಸಾರು ಇವತ್ತಿಗೂ ನೆನಪಿದೆ.

ಅಜ್ಜ ಗೊಬ್ಬರದ ವಿಷಯವನ್ನೂ ಹೇಳಿದ. ಮರದ ಕೆಳಗೆ ಗುಂಡಿ ತೋಡಿ ಕೆರೆ ಗೋಡು ತುಂಬಿಸ್ತಿದ್ರಂತೆ. ಮೇಲಿಂದ ಹಿಕ್ಕೆ ಬೀಳ್ತಾ ಬೀಳ್ತಾ ಗೋಡಿನ ಜೊತೆ ಬೆರೆತು, ಹಕ್ಕಿ ಹೋದ ಮೇಲೆ ಗದ್ದೆಗೆ ಗೊಬ್ಬರ. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಚೆನ್ನಾಗಿರ್ತವೆ. ನಾವು ಮೂಟೆಗೆ 1,350 ರೂಪಾಯಿ ಕೊಟ್ಟು ತರೋ ಡಿಎಪಿಯಲ್ಲಿ ಇರೋದೂ ಇವೆರಡೇ. ಬೋಗಾದಿಗೆ ಹೆಜ್ಜಾರ್ಲೆ ಬರಲ್ಲ ಬಿಡಿ, ಆದ್ರೆ ಕೋಳಿ ಗೊಬ್ಬರ ಸಿಗ್ತದೆ. ಅದನ್ನ ಹಸಿಯಾಗಿ ಸುರಿದು ಟೊಮೆಟೊ ಸಸಿ ಸುಟ್ಟುಕೊಂಡವನು ನಾನೇ. ಗೋಡು ಮಣ್ಣು, ಒಣ ಕಸದ ಜೊತೆ ಪದರ ಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು ಮೂರು ತಿಂಗಳಾದ್ರೂ ಕೊಳೆಯೋಕೆ ಬಿಡಿ. ವಾಸನೆ ಪೂರ್ತಿ ಹೋದ ಮೇಲೆ ಹೊಲಕ್ಕೆ ಹಾಕಿ. ಒಣ ಹಿಕ್ಕೆ ಕೆದಕುವಾಗ ಬಾಯಿ, ಮೂಗಿಗೆ ಬಟ್ಟೆ ಇರಲಿ, ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ರಾತ್ರಿ ಮನೆಗೆ ಬಂದು ಮರದ ವಿಷಯ ತೆಗೆದೆ. "ಹಕ್ಕಿಯೇ ಇಲ್ಲದ ಮರಕ್ಕೆ ಏನೋ ನಿಂದು?" ಅಂದ್ರು ಅಪ್ಪ. ಹೋದ ವರ್ಷ ಅದೇ ಮರದ ಹಣ್ಣು ಮಾರಿ ಬಂದ ದುಡ್ಡು, ನೆರಳಲ್ಲಿ ಹೋದ ರಾಗಿಯ ಲೆಕ್ಕ, ಎರಡನ್ನೂ ಮೊಬೈಲಲ್ಲಿ ಕೂಡಿಸಿ ತೋರಿಸಿದೆ. ಹುಣಸೆಯ ಕಡೆಯೇ ಜಾಸ್ತಿ ಬಂತು. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು. ವ್ಯಾಪಾರಿಗೆ ಇನ್ನೂ ಬೇಡ ಅಂದಿಲ್ಲ, ಹ್ಞೂಂ ಅಂತಲೂ ಅಂದಿಲ್ಲ.