ಕೋವಿಯ ಕಾಯಿದೆಯೂ ಕೋವಿಯ ವಿದ್ಯೆಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ತಪ್ಪಲಿನಲ್ಲಿ ಹೊಲವುಳ್ಳ ರೈತನು ಬೆಳೆ ಕಾಯಲು ಕೋವಿ ಇಡಬೇಕಾದರೆ 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿ ಪಡೆಯಬೇಕು. ಪರವಾನಗಿ ಬೇಡುವವರಿಗೆ 2016ರ ನಿಯಮಗಳು ಸುರಕ್ಷತೆಯ ತರಬೇತಿಯನ್ನೂ ಗೊತ್ತುಮಾಡಿವೆ. ಕೊಡಗಿನಲ್ಲಾದರೋ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯುಂಟು. ಬ್ರಿಟಿಷರ ಕಾಲದ ಈ ಏರ್ಪಾಡನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು.

2029 ಸಮೀಪಿಸಿದಂತೆ ವಿನಾಯಿತಿ ಬೇಕೆ ಬೇಡವೆ ಎಂಬ ವಾದ ಮತ್ತೆ ಏಳುವುದು ಸಹಜ. ಕೈಲ್ ಪೋಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯನ್ನು ಕಸಿಯಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಕೋವಿ ಹಿಡಿದವನು, ಕೊಡಗಿನವನಾಗಲಿ ಮಾಕಳಿದುರ್ಗದವನಾಗಲಿ, ಅದರೊಳಗೆ ನಡೆಯುವ ಕ್ರಿಯೆಯನ್ನು ಬಲ್ಲನೆ?

ಹಳ್ಳಿಗಳ ಕೇಪಿನ ಕೋವಿಯನ್ನೇ ನೋಡಿರಿ. ಪೆಟ್ಲುಪ್ಪು ಸುಮಾರು 75 ಪಾಲು, ಇದ್ದಲು 15, ಗಂಧಕ 10 ಸೇರಿದ ಕರಿಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡನ್ನು ಗಜದಿಂದ ಒಳಕ್ಕೆ ತಳ್ಳುವರು. ಕೇಪಿಗೆ ಪೆಟ್ಟು ಬಿದ್ದೊಡನೆ ಕಿಡಿ ಒಳಹೊಕ್ಕು, ಮದ್ದು ಉರಿದು, ಬಿಸಿಯಾದ ಅನಿಲವು ಗುಂಡನ್ನು ದೂಡುತ್ತದೆ. ಕೋವಿ ತುಂಬಿದೆಯೋ ಬರಿದೋ ಎಂಬುದು ಹೊರನೋಟಕ್ಕೆ ತಿಳಿಯದು. ಮರೆತು ಎರಡನೆಯ ಸಲ ತುಂಬಿದರೆ ಒತ್ತಡಕ್ಕೆ ನಳಿಗೆಯೇ ಸಿಡಿಯಬಹುದು. ಗಜವನ್ನು ಇಳಿಸಿ, ಅದು ಎಷ್ಟು ಆಳಕ್ಕೆ ಹೋಯಿತೆಂದು ನೋಡಿದರೆ ಸಂಶಯ ಕಳೆಯುತ್ತದೆ. ಅರೆ ನಿಮಿಷದ ಕೆಲಸ! ಹಾರಿಸಿದ ಕೂಡಲೇ ಹೊಸ ಮದ್ದು ಸುರಿಯುವುದೂ ಅಪಾಯ: ಒಳಗುಳಿದ ಕೆಂಡ ಅದಕ್ಕೆ ತಗಲೀತು. ಇನ್ನು, ಹಂದಿಗೆ ಗುರಿಯಿಟ್ಟು ತಪ್ಪಿದ ಒಂಟಿ ಗುಂಡು ಹಲವು ನೂರು ಮೀಟರು ಸಾಗಬಲ್ಲದು. ಮಾಕಳಿದುರ್ಗದಲ್ಲಿ ಹೊಲದಾಚೆ ಬೆಟ್ಟ ಹತ್ತುವವರ ಕಾಲುದಾರಿಯಿದೆ, ರೈಲು ಮಾರ್ಗವಿದೆ.

ಆಕಾಶಕ್ಕೆ ಹಾರಿಸಿದರೆ ಅಪಾಯವಿಲ್ಲವೆಂಬ ನಂಬಿಕೆಯೊಂದುಂಟು. ಅಮೆರಿಕದ ಸೇನೆಯ ಹ್ಯಾಚರ್ ಎಂಬವರು 1920ರ ಸುಮಾರಿಗೆ ಫ್ಲಾರಿಡಾದಲ್ಲಿ ಗುಂಡುಗಳನ್ನು ನೇರ ಮೇಲಕ್ಕೆ ಹಾರಿಸಿ ಪರೀಕ್ಷಿಸಿದರು. ಗಾಳಿಯ ತಡೆಯಿಂದ ವೇಗ ಬಹಳ ಕುಗ್ಗಿದರೂ, ಮರಳಿ ಬೀಳುವ ಗುಂಡಿಗೆ ಸೆಕೆಂಡಿಗೆ ಸುಮಾರು 90 ಮೀಟರಿನ ವೇಗವಿರುವುದೆಂದು ಅವರು ಕಂಡುಕೊಂಡರು. ಓರೆಯಾಗಿ ಹಾರಿದ ಗುಂಡು ಇದಕ್ಕೂ ಹೆಚ್ಚು ವೇಗವನ್ನು ಉಳಿಸಿಕೊಂಡಿರಬಹುದು. ಪರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕಾಗಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದೆಂದು 2019ರ ತಿದ್ದುಪಡಿ ಹೇಳುತ್ತದೆ. ದಂಡದ ಮೊತ್ತ ಬಲ್ಲವರಿಗಿಂತ ಈ ವೇಗದ ಲೆಕ್ಕ ಬಲ್ಲವರು ಹೆಚ್ಚು ಎಚ್ಚರದಿಂದಿರುವರೆಂದು ನಮ್ಮ ಎಣಿಕೆ.

ಆಯುಧಗಳು ಸಂವಿಧಾನದಲ್ಲಿ ಕೇಂದ್ರ ಪಟ್ಟಿಗೆ ಸೇರಿದ ವಿಷಯ. ಆದುದರಿಂದ ರಾಜ್ಯವೇ ಹೊಸ ಶಾಸನ ಮಾಡಲೆಂಬ ಮಾತು ದೂರ ಸಾಗದು. ಆದರೆ ಕಲಿಸುವುದಕ್ಕೆ ಶಾಸನವೇಕೆ? ಪೊಲೀಸ್ ಇಲಾಖೆಯವರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುವುದುಂಟು. ಅವು ಗ್ರಾಮ ಪಂಚಾಯಿತಿಗಳವರೆಗೆ ಬರಲಿ. ವಿನಾಯಿತಿ ಪಡೆದವರೂ ಅಲ್ಲಿ ಕಲಿಯಲಿ. 2029ರಲ್ಲಿ ವಿನಾಯಿತಿಯನ್ನು ಮುಂದುವರಿಸುವುದಾದರೆ ಕೇಂದ್ರವು ಆ ಕಲಿಕೆಯ ಪ್ರಮಾಣಪತ್ರವೊಂದನ್ನು ಕೇಳಲಿ. ಚುನಾವಣೆಯ ಕಾಲದಲ್ಲಿ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ವಾಡಿಕೆಯಿದೆಯಷ್ಟೆ. ಬರಿದೆ ಮೂಲೆಯಲ್ಲಿ ಒರಗಿಸಿಡುವ ಬದಲು, ಆ ದಿನಗಳಲ್ಲಿ ಬಲ್ಲವರೊಬ್ಬರು ಪ್ರತಿಯೊಂದು ನಳಿಗೆಯ ತುಕ್ಕನ್ನೂ ಬಿರುಕನ್ನೂ ಪರೀಕ್ಷಿಸಿ, ಚೀಟಿ ಬರೆದು ಹಿಂದಿರುಗಿಸಬಹುದು.