ಗುಂಡಿ ನಮ್ಮದು, ಗಸಿ ಯಾರದು?

ಪುಣೆಯ ಹೊರವಲಯದಲ್ಲಿ ಮನೆ ಕೊಳ್ಳುವವರು ನೀರು ಎಷ್ಟು ಹೊತ್ತು ಬರುತ್ತದೆ, ಪಾರ್ಕಿಂಗ್ ಇದೆಯೇ, ವಾಸ್ತು ಸರಿಯಿದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ, ಅದರ ಮುಚ್ಚಳ ತೆಗೆದು ಎಷ್ಟು ವರ್ಷವಾಯಿತು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಮಹಾನಗರ ಪಾಲಿಕೆಯ ಹದ್ದಿಗೆ ಬಂದವು. ಆದರೆ ಒಳಚರಂಡಿ ಹದ್ದಿನಷ್ಟು ಬೇಗ ಹಬ್ಬುವುದಿಲ್ಲ. ಕೊಳವೆ ಬರುವ ತನಕ ಅಂಗಳದ ಗುಂಡಿಯೇ ಗತಿ. ಆ ಗುಂಡಿಯ ನಿಗಾ ಮನೆಯವರ ಸ್ವಂತ ವಿಷಯ ಎಂದು ಮನೆಯವರೂ ನಂಬಿದ್ದಾರೆ, ಸರಕಾರವೂ ನಂಬಿದೆ. ಆ ನಂಬಿಕೆಯೇ ತಪ್ಪು ಎಂಬುದು ನನ್ನ ವಾದ.

ಟ್ಯಾಂಕಿಗೆ ಬಿದ್ದ ಹೊಲಸು ಮೂರು ಪದರವಾಗುತ್ತದೆ: ಮೇಲೆ ಜಿಡ್ಡಿನ ಕೆನೆ, ನಡುವೆ ತಿಳಿ, ತಳದಲ್ಲಿ ಗಸಿ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಗಸಿಯನ್ನು ಒಂದಿಷ್ಟು ಕರಗಿಸುತ್ತವೆ, ಪೂರ್ತಿ ಅಲ್ಲ. ತಿಳಿ ಇಂಗುಗುಂಡಿಗೆ ಹೋಗುತ್ತದೆ. ಗಸಿ ಟ್ಯಾಂಕಿನ ಮೂರನೇ ಒಂದು ಪಾಲಿಗೆ ಏರುವ ಹೊತ್ತಿಗೆ, ಅಂದರೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ, ಅದನ್ನು ತೆಗೆಸಬೇಕು. ತೆಗೆಸದಿದ್ದರೆ? ಬಹುಕಾಲ ಮನೆಯವರಿಗೆ ಏನೂ ಆಗುವುದಿಲ್ಲ; ತೊಡಕು ಇರುವುದೇ ಅಲ್ಲಿ. ತಂಗಲು ಜಾಗ ಸಾಲದ ಹೊಲಸು ಹಾಗೇ ಹೊರಗೆ ಸಾಗುತ್ತದೆ, ಶೌಚಾಲಯದಲ್ಲಿ ನೀರು ಸಲೀಸಾಗಿ ಇಳಿಯುತ್ತಲೇ ಇರುತ್ತದೆ. 'ಹದಿನೈದು ವರ್ಷವಾಯಿತು, ಒಮ್ಮೆಯೂ ತುಂಬಿಲ್ಲ' ಎಂದು ಬೀಗುವ ಯಜಮಾನರ ಟ್ಯಾಂಕ್ ಎಂದೋ ಕೆಲಸ ನಿಲ್ಲಿಸಿರುತ್ತದೆ, ಇಲ್ಲವೇ ತಳದಲ್ಲಿ ಸೋರುತ್ತಿರುತ್ತದೆ. ಈಸ್ಟು, ಬೆಲ್ಲ, ಅಂಗಡಿಯ ಬ್ಯಾಕ್ಟೀರಿಯಾ ಪುಡಿ ಯಾವುದನ್ನು ಸುರಿದರೂ ಗಸಿ ಮಾಯವಾಗದು. ಆಸಿಡ್ಡು, ಫಿನೈಲು ಸುರಿಯುವುದನ್ನು ಕಡಿಮೆ ಮಾಡಿದರೆ ಅದೇ ದೊಡ್ಡ ಉಪಕಾರ.

ಪುಣೆಯ ನೆಲ ಬೇರೆ ಹಟಮಾರಿ. ಎರೆಮಣ್ಣಿದ್ದಲ್ಲಿ ತಿಳಿ ಇಂಗುವುದು ಬಲು ನಿಧಾನ. ಕೆಳಗಿನ ಬಸಾಲ್ಟ್ ಬಂಡೆಯಲ್ಲಿ ನೀರು ಸೋಸಿಕೊಳ್ಳದೆ ಬಿರುಕು ಹಿಡಿದು ಓಡುತ್ತದೆ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಲಿ ಎನ್ನುತ್ತದೆ ಭಾರತೀಯ ಮಾನಕ. ಒತ್ತೊತ್ತಾದ ಗುಂಟೆ ಲೆಕ್ಕದ ನಿವೇಶನಗಳಲ್ಲಿ ಆ 18 ಮೀಟರಿನೊಳಗೆ ಇನ್ನೊಬ್ಬರ ಮನೆಯೇ ಎದ್ದಿರುತ್ತದೆ. 2025ರ ಜನವರಿಯಲ್ಲಿ ಪುಣೆಯ ಅಂಚಿನ ನಾಂದೇಡ್ ಗಾಂವ್, ಕಿರಕಟವಾಡಿ, ಧಾಯರಿ ಸುತ್ತ ಗಿಲನ್ ಬಾರೆ ಎಂಬ ನರಗಳ ಕಾಯಿಲೆ ಹಬ್ಬಿದಾಗ ಸಂಶಯ ಮೊದಲು ಹೋದದ್ದು ಕುಡಿಯುವ ನೀರಿನ ಮೇಲೆ. ಹಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತು. ಆ ಕಾಯಿಲೆಯನ್ನು ಸೆಪ್ಟಿಕ್ ಟ್ಯಾಂಕಿನ ತಲೆಗೆ ಕಟ್ಟುವುದು ದುಡುಕು. ಆದರೆ ಹೊಲಸು ಮತ್ತು ಬಾವಿ ಒಂದೇ ನೆಲವನ್ನು ಹಂಚಿಕೊಂಡ ಊರಿನಲ್ಲಿ 'ನನ್ನ ಗುಂಡಿ, ನನ್ನ ಇಷ್ಟ' ಎನ್ನುವ ಮಾತು ನಿಲ್ಲುವುದಿಲ್ಲ.

ಇನ್ನು ಸಾವಿನ ಮಾತು. 2022ರ ಮಾರ್ಚ್‌ನಲ್ಲಿ ಪುಣೆಯ ಹೊರವಲಯದ ಲೋಣಿ ಕಾಳಭೋರ್ ಬಳಿ ನಾಲ್ವರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಘೋಲಿಯಲ್ಲಿ ಮೂವರು ವಸತಿ ಕಟ್ಟಡಗಳ ಟ್ಯಾಂಕಿನಲ್ಲಿ ಸತ್ತರು. ಇಂಥ ಸಾವುಗಳನ್ನು ಮುಖವಾಡ, ಹಗ್ಗ ಇಲ್ಲದ ದುರ್ಘಟನೆಯೆಂದು ಬರೆದು ಮುಗಿಸುವುದು ರೂಢಿ. ಅದು ಅರ್ಧ ಸತ್ಯ. ವರ್ಷಗಟ್ಟಲೆ ಬಿಟ್ಟ ಗಸಿ ಗಟ್ಟಿಯಾಗಿ ಕೊಳವೆಗೆ ಬಗ್ಗುವುದಿಲ್ಲ. ಆಗ ಕಡಿಮೆ ದುಡ್ಡಿಗೆ ಒಪ್ಪಿದ ಯಾರನ್ನೋ ಒಳಗಿಳಿಸುತ್ತಾರೆ. ಆ 'ಯಾರೋ' ಯಾವ ಜಾತಿಯವನೆಂದು ಬಿಡಿಸಿ ಹೇಳಬೇಕಿಲ್ಲ. ಗಸಿ ಕಲಕಿದೊಡನೆ ಏಳುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಂತೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದುಕೊಂಡವನು ಕುಸಿಯುತ್ತಾನೆ, ಎತ್ತಲು ಇಳಿದವನೂ ಕುಸಿಯುತ್ತಾನೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಹೀಗೆ ಒಳಗಿಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇಂಥ ಸಾವಿಗೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ರೂಪಾಯಿ ಎಂದಿದ್ದ ಪರಿಹಾರವನ್ನು 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಆದರೆ ಕಾಯಿದೆ ಮುಚ್ಚಳ ತೆರೆದ ದಿನವನ್ನಷ್ಟೇ ನೋಡುತ್ತದೆ. ಅಪಾಯ ಬೆಳೆದದ್ದು ತೆರೆಯದೆ ಬಿಟ್ಟ ವರ್ಷಗಳಲ್ಲಿ.

ಆದ್ದರಿಂದ ಟ್ಯಾಂಕನ್ನು ಖಾಲಿ ಮಾಡಿಸಬೇಕಾದದ್ದು ಕ್ಯಾಲೆಂಡರ್, ಯಜಮಾನನ ಫೋನ್ ಅಲ್ಲ. ಇದು ಹಗಲುಗನಸೂ ಅಲ್ಲ. ಪುಣೆಯಿಂದ ಎರಡು ತಾಸಿನ ದಾರಿ, ಕೃಷ್ಣೆಯ ದಡದ ವಾಯಿ. ಆ ಪುಟ್ಟ ಊರಿನ ನಗರ ಪರಿಷತ್ತು 2018ರಿಂದ ಮೂರು ವರ್ಷದ ಸರದಿ ಹಾಕಿದೆ: ಗುತ್ತಿಗೆದಾರನ ಗಾಡಿ ಮನೆಯಿಂದ ಮನೆಗೆ ಬಂದು ಗಸಿ ಹೀರಿ ಸಂಸ್ಕರಣಾ ಘಟಕಕ್ಕೆ ಒಯ್ಯುತ್ತದೆ. ಖರ್ಚು ಸ್ವಚ್ಛತಾ ತೆರಿಗೆಯಿಂದ. ಗಾಡಿ ಬಂದ ದಿನ ಮನೆಯವರು ಚೌಕಾಸಿ ಮಾಡಬೇಕಿಲ್ಲ. ಗಸಿ ಗಟ್ಟಿಯಾಗುವ ಮೊದಲೇ ತೆಗೆದರೆ ಕೊಳವೆಯೇ ಸಾಕು, ಮನುಷ್ಯ ಬೇಡ.

ಇಬ್ಬರೇ ಇರುವ ಮನೆ ಎಂಟು ಜನರ ಮನೆಗೆ ಸಮನಾಗಿ ಏಕೆ ತೆರಬೇಕು ಎಂದು ಆಕ್ಷೇಪಿಸಬಹುದು. ಬೀದಿದೀಪದಡಿ ಕಡಿಮೆ ನಡೆದವರಿಗೆ ಯಾರೂ ರಿಯಾಯಿತಿ ಕೊಟ್ಟಿಲ್ಲ. ಅದಕ್ಕಿಂತ ಗಟ್ಟಿ ಆಕ್ಷೇಪ ಬೇರೆ: ಲಕ್ಷಗಟ್ಟಲೆ ಜನರ ಪುಣೆಯ ಅಂಚಿಗೆ ವಾಯಿಯ ಲೆಕ್ಕ ಒಪ್ಪೀತೇ? ಹಾಗೇ ಒಪ್ಪದು. ಹಲವು ಟ್ಯಾಂಕುಗಳು ಫರಸಿಯಡಿ ಹುದುಗಿವೆ, ಕೆಲವಕ್ಕೆ ಇಂಗುಗುಂಡಿಯೇ ಇಲ್ಲ. ಮೊದಲು ಮುಚ್ಚಳಗಳ ಪಟ್ಟಿಯಾಗಬೇಕು. ಹೀರಿದ ಗಾಡಿ ಕತ್ತಲಲ್ಲಿ ನಾಲೆಗೆ ಬಗ್ಗಿಸದಂತೆ ಹತ್ತಿರದಲ್ಲೇ ಘಟಕ ಬೇಕು. ನಮ್ಮ ದೇವನಹಳ್ಳಿಯಲ್ಲಿ 2015ರಲ್ಲೇ ಅಂಥದೊಂದು ಶುರುವಾಗಿತ್ತು. ಪುಣೆಯಲ್ಲಿ ನಾಲೆಗೆ ಬಗ್ಗಿಸಿದ್ದು ಮುಳಾ-ಮುಠಾ ನದಿಯಿಂದ ಭೀಮೆಗೆ, ಉಜನಿ ಜಲಾಶಯಕ್ಕೆ ಹೋಗುತ್ತದೆ. ಅದೇ ಭೀಮೆ ಮುಂದೆ ಇಂಡಿ, ಅಫಜಲಪುರದ ಕಡೆ ಹರಿಯುತ್ತದೆ. ಪುಣೆಯ ಗುಂಡಿಯ ಬಗ್ಗೆ ಕೇಳುವ ಹಕ್ಕು ಅಲ್ಲಿಯವರಿಗೂ ಇದೆ.